ಎಥಿಕ್ಸ್ ಕಮಿಟಿಯಲ್ಲಿ ಮೊದಲ ಪ್ರಶ್ನೆ ಮಾಸ್ತರರದು: ನನ್ನ ಅನುಭವ

ಬೆಳಗಾವಿಯ ಒಂದು ಫಾರ್ಮಸಿ ಕಾಲೇಜಿನಲ್ಲಿ ಅನಿಮಲ್ ಹೌಸ್ (ಪ್ರಯೋಗದ ಪ್ರಾಣಿ ಸಾಕೋ ಜಾಗ) ನೋಡಿಕೊಳ್ಳುತ್ತೇನೆ. ಪ್ರಾಣಿ ಪ್ರಯೋಗಕ್ಕೆ ಒಪ್ಪಿಗೆ ಕೊಡೋ ನಮ್ಮ ಕಾಲೇಜಿನ ಎಥಿಕ್ಸ್ ಕಮಿಟಿಗೆ (ಐಎಇಸಿ) ಕೇಂದ್ರದ ಪ್ರಾಣಿ ಪ್ರಯೋಗ ಉಸ್ತುವಾರಿ ಸಮಿತಿ ಸಿಸಿಎಸ್‌ಇಎ ಕಳಿಸಿದ ಸೋಷಿಯಲಿ ಅವೇರ್ ಮೆಂಬರ್, ಅಂದರೆ ಸಮಾಜದ ಪರವಾಗಿ ಕೂರೋ ಸದಸ್ಯ, ಬೈಲಹೊಂಗಲ ಕಡೆಯ ನಿವೃತ್ತ ಮಾಸ್ತರರು. ಇಂಥ ಮೆಂಬರ್ ಮೀಟಿಂಗ್‌ನಲ್ಲಿ ಏನು ಮಾಡ್ತಾರೆ ಅಂತ ನಿಮಗೂ ಗೊತ್ತು. ಚಹಾ, ಚೂಡಾ, ಸಹಿ. ದಪ್ಪ ಫಾರ್ಮ್ ಬಿ (ಪ್ರಯೋಗಕ್ಕೆ ಒಪ್ಪಿಗೆ ಕೇಳೋ ಅರ್ಜಿ) ಇಂಗ್ಲಿಷ್‌ನಲ್ಲಿ ಕೈಗಿಟ್ಟರೆ ಇನ್ನೇನು ಮಾಡಬೇಕು?

ನಾನು ಕೇಳಿದ್ದು ಇಷ್ಟೇ: ಪ್ರಯೋಗದ ಪ್ರತಿ ಪ್ರೋಟೋಕಾಲ್‌ಗೂ ಒಂದು ಪುಟ ಕನ್ನಡ, ವಾರ ಮೊದಲೇ ಮಾಸ್ತರರ ಮನೆಗೆ, ಮೀಟಿಂಗ್‌ನಲ್ಲಿ ಮೊದಲ ಪ್ರಶ್ನೆ ಅವರದೇ. ಸ್ಟಾಫ್ ರೂಮಲ್ಲಿ ನಕ್ಕರು. "ಅಲೋಕ್ಸಾನ್ ಅಂದ್ರ ಅವ್ರಿಗೇನ್ ತಿಳೀತದ್ರಿ?" (ಇಲಿಗೆ ಡಯಾಬಿಟಿಸ್ ಬರಿಸೋ ರಾಸಾಯನಿಕ ಅದು.)

ಶುರುವಿನಲ್ಲಿ ಕೆಲಸ ಕೆಟ್ಟಿತು. ದುಡ್ಡು ಕೊಟ್ಟು ಅನುವಾದ ಮಾಡಿಸಿದೆವು, ಪುಟಕ್ಕೆ ಮುನ್ನೂರೋ ಮುನ್ನೂರೈವತ್ತೋ. ಯಾರೂ ಓದಲಾಗದ ಕನ್ನಡ ಬಂತು. ದುಡ್ಡೂ ಹೋಯಿತು. ಆಮೇಲೆ ವಿದ್ಯಾರ್ಥಿಗಳಿಂದಲೇ ಬರೆಸಿ, ಪಂಜರ ತೊಳೆಯೋ ನಮ್ಮ ಅಟೆಂಡರ್‌ಗೆ ಓದಿ ಹೇಳಿಸಿದೆ. ಅವನಿಗೆ ತಿಳಿದರೆ ಮಾತ್ರ ಪುಟ ಬೈಲಹೊಂಗಲಕ್ಕೆ.

ಒಂದು ಸಲ ಡಯಾಬಿಟಿಸ್ ಮೇಲೆ ಮೂರು ಎಂ.ಫಾರ್ಮ್ ಪ್ರಾಜೆಕ್ಟ್ ಬಂದವು. ಒಂದೊಂದಕ್ಕೂ ಐದು ಗುಂಪು, ಗುಂಪಿಗೆ ಆರು ವಿಸ್ಟಾರ್ ತಳಿಯ ಇಲಿ. ಒಟ್ಟು 90. ಮಾಸ್ತರರು ಮೂರೂ ಪುಟ ಪಕ್ಕಪಕ್ಕ ಇಟ್ಟು ಕೇಳಿದರು: "ಅಲ್ರಿ ಸರ, ಔಷಧಿ ಕೊಡದ ಗುಂಪು ಮೂರ ಕಡೀನೂ ಬ್ಯಾರೆ ಬ್ಯಾರೆ ಯಾಕ್ರಿ?"

ಯಾರೂ ಮಾತಾಡಲಿಲ್ಲ. ನಾರ್ಮಲ್ (ಕಾಯಿಲೆ ಇಲ್ಲದ್ದು), ಡಯಾಬಿಟಿಕ್ ಕಂಟ್ರೋಲ್ (ಕಾಯಿಲೆ ಇದ್ದು ಔಷಧಿ ಕೊಡದ್ದು), ಹೋಲಿಕೆಗೆ ಈಗಾಗಲೇ ಇರೋ ಡಯಾಬಿಟಿಸ್ ಔಷಧಿ ಗ್ಲಿಬೆನ್‌ಕ್ಲಮೈಡ್ ಗುಂಪು ಮೂವರು ವಿದ್ಯಾರ್ಥಿಗಳಿಗೂ ಒಂದೇ ಮಾಡಿದೆವು. 54ಕ್ಕೆ ಇಳಿಯಿತು. ಇಲಿ, ಫೀಡ್, ಬೆಂಗಳೂರಿಂದ ಸಾಗಾಣಿಕೆ ಎಲ್ಲ ಸೇರಿ ಇಪ್ಪತ್ತು ಸಾವಿರದ ಹತ್ತಿರ ಉಳಿಯಿತು. ಷರತ್ತು ಹಾಕಿದ್ದು ಸ್ಟ್ಯಾಟಿಸ್ಟಿಕ್ಸ್ ಮೇಡಂ: ಮೂವರೂ ಒಂದೇ ದಿನ ಶುರು ಮಾಡಬೇಕು, ಒಂದೇ ಬ್ಯಾಚ್ ಇಲಿ, ಚೀಟಿ ಎತ್ತಿ ಗುಂಪು.

ಹಾಗಂತ ಮಾಸ್ತರರ ಮಾತೇ ಕೊನೆ ಅಲ್ಲ. ಗುಂಪಿಗೆ ಮೂರೇ ಸಾಕು ಅಂದಾಗ ನಾವು ಒಪ್ಪಲಿಲ್ಲ. ಅಲೋಕ್ಸಾನ್‌ಗೆ ಒಂದೆರಡು ಸತ್ತರೆ ಉತ್ತರವೇ ಸಿಗಲ್ಲ, ಉಳಿದವೂ ಸುಮ್ನೆ ಹೋದಂತೆ. ಅವರು ತಕರಾರು ಬರೆಸಿಯೇ ಸಹಿ ಹಾಕಿದರು. ನನಗದು ಇಷ್ಟವಾಯಿತು. ವಿಷದ ಪರೀಕ್ಷೆಯಲ್ಲಿ ಮಾತ್ರ ಒಇಸಿಡಿ 423 ಅನ್ನೋ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಹಂತಕ್ಕೆ ಮೂರೇ ಪ್ರಾಣಿ ಇರುತ್ತವೆ. ಅವರು ಅದನ್ನೇ ಹಿಡಿದು ವಾದ ಮಾಡಿದ್ದು!

ಗಾಯದ ಮುಲಾಮಿನ ಪರೀಕ್ಷೆಗೆ ಇಲಿ ಬದಲು ಕೋಳಿಮೊಟ್ಟೆಯ ಪೊರೆಯಲ್ಲಿ ರಕ್ತನಾಳ ನೋಡೋಣ ಅಂತಲೂ ಹೊರಟಿದ್ದೆ. ಹ್ಯಾಚರಿಯಿಂದ ಮೊಟ್ಟೆ ತಂದೆ. ರಾತ್ರಿ ಕರೆಂಟ್ ಹೋಗಿ ಇನ್‌ಕ್ಯುಬೇಟರ್ ತಣ್ಣಗಾಯಿತು. ಇನ್ವರ್ಟರ್‌ಗೆ ಕೊಟೇಶನ್ ಕೇಳಿದ್ದೇನೆ, ಮ್ಯಾನೇಜ್‌ಮೆಂಟ್ ಮಾತಾಡ್ತಿಲ್ಲ.

ಈಗ ಫೈಲ್‌ಗಳು ಮೊದಲಿನ ಹಾಗೆ ಎರಡೆರಡು ಸಲ ವಾಪಸ್ ಬರೋದು ಕಡಿಮೆ. ನಕ್ಕವರೇ ಪುಟದ ನಮೂನೆ ಕೇಳ್ತಾರೆ. ನಮೂನೆ ಕೊಡ್ತೀನಿ. ಮೊದಲ ಮೂರು ಸಾಲಲ್ಲಿ ಏನಿರಬೇಕು ಅನ್ನೋದು ಮಾತ್ರ ಇಲ್ಲಿ ಬರೆಯಲ್ಲ. ಅನಿಮಲ್ ಹೌಸಿಗೆ ಬನ್ನಿ, ಹೇಳ್ತೀನಿ.