ಈಜುಕೊಳಕ್ಕೆ ಮುಂಚೆ ಎರಡು ಗುಂಡಿ

ಟೈಲ್ಸ್ ಬಣ್ಣ ಆಮೇಲೆ ಆರಿಸಿ, ಮೊದಲು ಮಣ್ಣು ನೋಡಿ. ಕೊಳ ಬರುವ ಜಾಗದ ಎರಡೂ ತುದಿಯಲ್ಲಿ ಜೆಸಿಬಿಯಿಂದ ಎರಡೂವರೆ ಮೀಟರ್ ಆಳದ ಗುಂಡಿ ತೆಗೆಸಿ. ಒಳಗೆ ಮಾತ್ರ ಇಳಿಯಬೇಡಿ, ಬದಿ ಕುಸಿಯುತ್ತದೆ.

ದಾವಣಗೆರೆ ಸುತ್ತ ಎರೆ ಮಣ್ಣು ಸಾಮಾನ್ಯ. ಒದ್ದೆ ಉಂಡೆ ಕಟ್ಟಿ ಬಿಸಿಲಿಗಿಟ್ಟರೆ ಕುಗ್ಗಿ ಬಿರುಕು ಬಿಡುತ್ತದೆ. ಕೊಳದ ಗೋಡೆಯನ್ನೂ ಹಾಗೇ ಎಳೆದು ಸೀಳುವುದು ಇದೇ. ಅದನ್ನು ತೆಗೆಸಿ, ಗರಸು ತುಂಬಿ, 15 ಸೆಂ.ಮೀ.ಗೊಂದು ಪದರದಂತೆ ನೀರು ಹಾಕಿ ದಮ್ಮಸು ಮಾಡಿಸಿ.

ಮರುದಿನ ಗುಂಡಿಯಲ್ಲಿ ನೀರು ಜಿನುಗಿದೆಯಾ ನೋಡಿ. ಗದ್ದೆ ಪಕ್ಕದ ಸೈಟಾದರೆ ಭದ್ರಾ ನಾಲೆಯಲ್ಲಿ ನೀರಿರುವಾಗಲೇ ಈ ಪರೀಕ್ಷೆ ಆಗಬೇಕು. ಅಂತರ್ಜಲ ಮೇಲಿದ್ದರೆ, ತೊಳೆಯಲೆಂದು ಖಾಲಿ ಮಾಡಿದ ಕೊಳ ದೋಣಿಯ ಹಾಗೆ ಮೇಲೇಳಬಹುದು. ತಳಕ್ಕೆ ಜಲ್ಲಿ ಪದರ, ಒತ್ತಡ ಇಳಿಸುವ ವಾಲ್ವ್ ಬೇಕೇ ಬೇಕು.

ಚಿತ್ರದುರ್ಗದ ಕಡೆ ಅರ್ಧ ಬಂಡೆ, ಅರ್ಧ ಮಣ್ಣು ಸಿಕ್ಕರೆ ಮಣ್ಣಿನ ಭಾಗ ಕೂತು ಸಂದಿನಲ್ಲೇ ಬಿರುಕು ಬೀಳುತ್ತದೆ. ವಿನ್ಯಾಸಕ್ಕೆ ಮುಂಚೆಯೇ ಎಂಜಿನಿಯರ್‌ಗೆ ತೋರಿಸಿ.

ನೀರಿನ ಲೆಕ್ಕ: 10 ಮೀಟರ್ ಉದ್ದ, 5 ಅಗಲ, ಸರಾಸರಿ 1.4 ಆಳಕ್ಕೆ 70,000 ಲೀಟರ್, ಅಂದರೆ 6,000 ಲೀಟರಿನ 12 ಟ್ಯಾಂಕರ್. ದಿನಕ್ಕೆ 6 ಮಿ.ಮೀ. ಆವಿಯಾದರೂ 300 ಲೀಟರ್ ಹೋಯಿತು. ಬೋರ್ ನೀರಿನ ಗಡಸುತನವನ್ನೂ ಪರೀಕ್ಷಿಸಿ, ಇಲ್ಲವಾದರೆ ಟೈಲ್ಸ್ ಮೇಲೆ ಬಿಳಿ ಕರೆ ಕಟ್ಟುತ್ತದೆ.