ಪರವೂರು, ಚೇಂದಮಂಗಲಂ: ಯೆಹೂದಿ ವಸ್ತುಸಂಗ್ರಹಾಲಯಗಳನ್ನು ನೋಡುವ ಬಗೆ

ಕೇರಳದ ಯೆಹೂದಿಗಳೆಂದರೆ ಹಲವರಿಗೆ ನೆನಪಾಗುವುದು ಕೊಚ್ಚಿಯ ಮಟ್ಟಾಂಚೇರಿಯಲ್ಲಿ 1568ರಲ್ಲಿ ಕಟ್ಟಿದ ಪರದೇಸಿ ಸಿನಗಾಗ್ (ಯೆಹೂದಿಗಳ ಪ್ರಾರ್ಥನಾ ಮಂದಿರ) ಒಂದೇ. ಅದರ ಜೊತೆಗೆ ಇನ್ನೊಂದು ದಿನವನ್ನು ಉತ್ತರ ಪರವೂರಿಗೂ ಅದರ ಪಕ್ಕದ ಚೇಂದಮಂಗಲಕ್ಕೂ ಮೀಸಲಿಡಬೇಕೆಂಬುದು ನನ್ನ ಒತ್ತಾಯ. ಕೇರಳದಲ್ಲಿ ಬಹುಕಾಲದಿಂದ ನೆಲೆಸಿದ್ದ ಮಲಬಾರಿ ಯೆಹೂದಿಗಳಲ್ಲಿ ಹೆಚ್ಚಿನವರು 1950ರ ದಶಕದಲ್ಲಿ ಇಸ್ರೇಲಿಗೆ ವಲಸೆ ಹೋದ ಮೇಲೆ ಬರಿದಾಗಿ ಉಳಿದಿದ್ದ ಇಲ್ಲಿನ ಎರಡು ಸಿನಗಾಗ್‌ಗಳನ್ನು ಪ್ರಾಚೀನ ಬಂದರು ಮುಜಿರಿಸ್‌ನ ಹೆಸರಿನ ಪರಂಪರೆ ಯೋಜನೆಯಡಿ ದುರಸ್ತಿ ಮಾಡಿ ವಸ್ತುಸಂಗ್ರಹಾಲಯಗಳನ್ನಾಗಿಸಿದ್ದಾರೆ.

ಬೆಂಗಳೂರಿನಿಂದ ರೈಲಿನಲ್ಲಿ ಹೋಗುವವರು ಎರ್ನಾಕುಲಂವರೆಗೆ ಹೋಗಬೇಕಿಲ್ಲ, ಆಲುವಾದಲ್ಲಿ ಇಳಿದರೆ ಪರವೂರಿಗೆ ಬಸ್ಸು ಸಿಗುತ್ತದೆ. ವಾರದ ರಜೆ ಯಾವ ದಿನವೆಂದು ಹೊರಡುವ ಮೊದಲೇ ವಿಚಾರಿಸಿಕೊಳ್ಳಿ.

ಪರವೂರಿನಲ್ಲಿ ನೇರವಾಗಿ ಪ್ರಾರ್ಥನಾ ಕೋಣೆಗೆ ನುಗ್ಗದೆ, ಹೆಬ್ಬಾಗಿಲ ಮನೆಯಿಂದ ಒಳಕ್ಕೆ ಸಾಗುವ ಕಂಬಸಾಲಿನ ಹಾದಿಯಲ್ಲಿ ನಿಧಾನವಾಗಿ ನಡೆಯಿರಿ. ಹೆಂಚಿನ ಮಾಡು, ಮರದ ತೊಲೆಗಳನ್ನು ನೋಡಿದರೆ ಇದು ಕೇರಳದ ಬಡಗಿಗಳ ಕೈಕೆಲಸವೆಂಬುದು ಗೊತ್ತಾಗುತ್ತದೆ. ತೋರಾ (ಯೆಹೂದಿಗಳ ಧರ್ಮಗ್ರಂಥ) ಸುರುಳಿಗಳನ್ನಿಡುವ ಪೆಟ್ಟಿಗೆ ಪಶ್ಚಿಮದ ಗೋಡೆಗಿದೆ, ಏಕೆಂದರೆ ಇಲ್ಲಿಂದ ಜೆರುಸಲೇಮ್ ಪಶ್ಚಿಮಕ್ಕೆ. ಈಗ ಕಾಣುವುದು ಪ್ರತಿಕೃತಿ. ಮೂಲ ಪೆಟ್ಟಿಗೆ ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಂ ಸೇರಿದೆ.

ಹೆಚ್ಚು ಹೊತ್ತನ್ನು ಚೇಂದಮಂಗಲಕ್ಕೆ ಉಳಿಸಿಕೊಳ್ಳಿ. ಅಲ್ಲಿ ಸಿನಗಾಗ್‌ನ ಮುಂದೆಯೇ ಹೀಬ್ರೂ ಅಕ್ಷರಗಳ ಒಂದು ಗೋರಿಕಲ್ಲು ನಿಂತಿದೆ: ಇಸ್ರಾಯೇಲನ ಮಗಳು ಸಾರಾಳದ್ದು. ಕಲ್ಲಿನಲ್ಲಿರುವ ವರ್ಷ 1581 ಎಂದು ಓದಿ ಗಾಬರಿಯಾಗಬೇಡಿ. ಅದು ಯೆಹೂದಿಗಳು ಬಳಸುತ್ತಿದ್ದ ಹಳೆಯ ಕಾಲಗಣನೆಯಾದ ಸೆಲ್ಯೂಸಿಡ್ ಶಕೆಯ ವರ್ಷ. ನಮ್ಮ ಶಾಸನಗಳ ಶಕವರ್ಷಕ್ಕೆ ನಾವು 78 ಕೂಡಿಸುವಂತೆ ಇದರಿಂದ 312 ಕಳೆಯಬೇಕು. ಆಗ ಸಿಗುವುದು ಕ್ರಿ.ಶ. 1269. ಓರೆಬೆಳಕು ಬೀಳುವ ಬೆಳಗಿನ ಹೊತ್ತಿನಲ್ಲಿ ಹೋದರೆ ಕೊರೆದ ಗೆರೆಗಳು ಹೆಚ್ಚು ಸ್ಪಷ್ಟವಾಗಿ ಕಾಣುತ್ತವೆ. ಕಲ್ಲನ್ನು ಮಾತ್ರ ಮುಟ್ಟಬೇಡಿ.

ಒಳಗೆ ಹೋದವರು ಮಹಡಿಯನ್ನು ತಪ್ಪಿಸಬಾರದು. ಕೇರಳದ ಸಿನಗಾಗ್‌ಗಳ ವಿಶೇಷವೆಂದರೆ, ತೋರಾ ಓದುವ ಕಟ್ಟೆ ಕೆಳಗೊಂದಿದ್ದರೆ ಮಹಡಿಯಲ್ಲಿ ಇನ್ನೊಂದು ಇರುತ್ತದೆ, ಅದರ ಹಿಂದೆ ಮರದ ಜಾಲರಿಯಾಚೆ ಹೆಂಗಸರು ಕೂರುವ ಜಾಗವಿರುತ್ತದೆ. ಈ ಹೆಂಗಸರೇ ಮದುವೆ, ಹಬ್ಬಗಳಲ್ಲಿ ಮಲಯಾಳದಲ್ಲಿ ಹಾಡುತ್ತಿದ್ದವರು. ಹಾಡುಗಳನ್ನು ನೋಟುಪುಸ್ತಕಗಳಲ್ಲಿ ಬರೆದಿಟ್ಟು, ವಲಸೆ ಹೋಗುವಾಗ ಜೊತೆಗೇ ಒಯ್ದರು. ಜಾಲರಿಯ ಬಳಿ ಸ್ವಲ್ಪ ಹೊತ್ತು ನಿಂತು ಕೆಳಗಿನ ಕಟ್ಟೆಯನ್ನು ಅವರು ಕಾಣುತ್ತಿದ್ದ ಕಡೆಯಿಂದ ನೋಡಿ, ಆಮೇಲೆ ಇಳಿಯಿರಿ.