ವಯಸ್ಸಾದರೆ ಕ್ಲಸ್ಟರ್ ತಲೆನೋವು ಹೋಗುತ್ತಾ? ಗೋಡೆ ಕ್ಯಾಲೆಂಡರಿನಲ್ಲಿ ಲೆಕ್ಕ ಇಡುವ ಬಗೆ

ನಮ್ಮ ಅಟ್ಟದ ಮೇಲಿನ ಟ್ರಂಕಿನಲ್ಲಿ 29 ಹಳೇ ಕ್ಯಾಲೆಂಡರ್‌ಗಳಿವೆ. 1996ರಿಂದ 2024ರವರೆಗೆ, ಸುರುಳಿ ಸುತ್ತಿ ದಾರ ಕಟ್ಟಿ ಇಟ್ಟಿದ್ದೇನೆ. ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಪ್ರೆಸ್ ಇತ್ತು. ಲಗ್ನಪತ್ರಿಕೆ, ಬಿಲ್ ಬುಕ್, ವರ್ಷದ ಕೊನೆಗೆ ಅಂಗಡಿಯವರ ಕ್ಯಾಲೆಂಡರ್. ಮಿಕ್ಕಿದ್ದರಲ್ಲಿ ಒಂದು ಮನೆಗೆ ಬರುತ್ತಿತ್ತು. ಏಕಾದಶಿ, ಸಂಕಷ್ಟಿ ನೋಡೋದು ಹೆಂಡತಿಯ ಕೆಲಸ. ಕೆಂಪು ಪೆನ್ನಿನಲ್ಲಿ ತಲೆನೋವು ಬರೆಯೋದು ನನ್ನ ಕೆಲಸ.

ಈಗ ನನಗೆ 63. ಕ್ಲಸ್ಟರ್ ತಲೆನೋವು ಮೊದಲ ಸಲ ಬಂದಾಗ 27. ಹೆಚ್ಚಿನವರಿಗೆ ಇದು ಕೆಲವು ವಾರ ಮತ್ತೆ ಮತ್ತೆ ಬರುತ್ತದೆ, ಅದಕ್ಕೆ ನಾನು ಸರದಿ ಅನ್ನುತ್ತೇನೆ. ಆಮೇಲೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಸುಳಿವಿರೋದಿಲ್ಲ, ಅದು ಬಿಡುವು. ಹೋದ ತಿಂಗಳು ನಮ್ಮ ಬೀದಿಯ ಹುಡುಗನೊಬ್ಬ ಬಂದು ಕೂತ. ಅವನಿಗೂ ಇದೇ ಕಾಯಿಲೆ, ಎರಡು ವರ್ಷದಿಂದ. "ವಯಸ್ಸಾದ ಮೇಲೆ ಹೋಗುತ್ತಾ ಅಂಕಲ್?" ಅಂದ. ಬಹಳ ಜನಕ್ಕೆ ಬಿಡುವು ಉದ್ದವಾಗುತ್ತಾ ಹೋಗುತ್ತದೆ, ಕೆಲವರಿಗೆ ನಿಂತೇ ಹೋಗುತ್ತದೆ, ಆದರೆ ಎಲ್ಲರಿಗೂ ಅಲ್ಲ ಅಂದೆ. ಮುಖ ಸಪ್ಪಗಾಯಿತು. ಆಮೇಲೆ ಟ್ರಂಕ್ ಇಳಿಸಿ ತೋರಿಸಿದೆ. ಅವನಿಗೆ ಹೇಳಿಕೊಟ್ಟಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಿಮ್ಮದು ಇದೇ ನೋವು ಅಂತ ನ್ಯೂರಾಲಜಿಸ್ಟ್ ಹತ್ತಿರ ಖಾತ್ರಿ ಮಾಡಿಕೊಳ್ಳಿ. ಇದು ಅರ್ಧ ತಲೆನೋವಲ್ಲ. ಮೈಗ್ರೇನ್ ಇದ್ದವರು ಕತ್ತಲೆ ಕೋಣೆಯಲ್ಲಿ ಅಲುಗಾಡದೆ ಮಲಗುತ್ತಾರೆ. ನಮಗೆ ಮಲಗಲು ಆಗೋದೇ ಇಲ್ಲ, ಹಜಾರದಲ್ಲಿ ಶತಪಥ ಹಾಕುತ್ತೇವೆ. ಒಂದೇ ಕಣ್ಣಿನ ಹಿಂದೆ, ಕಾದ ಕಬ್ಬಿಣ ಇಟ್ಟ ಹಾಗೆ. ಆ ಕಡೆಯ ಕಣ್ಣು ಕೆಂಪಾಗಿ ನೀರು ಸುರಿಯುತ್ತದೆ, ಮೂಗು ಕಟ್ಟುತ್ತದೆ, ರೆಪ್ಪೆ ಜೋಲುತ್ತದೆ. 15 ನಿಮಿಷದಿಂದ ಮೂರು ಗಂಟೆ. ನನಗೆ ಸುಮಾರು ಒಂದು ಗಂಟೆ, ರಾತ್ರಿ 1.40ಕ್ಕೆ. ಗಡಿಯಾರ ನೋಡಿಕೊಂಡು ಬಂದ ಹಾಗೆ! ಮೆದುಳಿನಲ್ಲಿ ನಿದ್ದೆ, ಎಚ್ಚರದ ಗಡಿಯಾರ ನಡೆಸುವ ಹೈಪೋಥಲಾಮಸ್ ಅನ್ನೋ ಭಾಗ ಈ ನೋವಿನ ಹೊತ್ತಿನಲ್ಲಿ ಚುರುಕಾಗುತ್ತದೆ ಅಂತ 1998ರಲ್ಲಿ ಲಂಡನ್ನಿನಲ್ಲಿ ಸ್ಕ್ಯಾನ್ ಮಾಡಿ ತೋರಿಸಿದರು. ನನಗೆ ಈ ಕಾಯಿಲೆಯ ಹೆಸರು ತಿಳಿಯುವ ಹೊತ್ತಿಗೆ ಒಬ್ಬರು ಸೈನಸ್ ಅಂದು ಮೂಗು ತೊಳೆಸಿದ್ದರು, ಇನ್ನೊಬ್ಬರು ಮೇಲಿನ ದವಡೆಯ ಗಟ್ಟಿ ಹಲ್ಲೊಂದನ್ನು ಕಿತ್ತಿದ್ದರು, ಅತ್ತೆ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದಿದ್ದರು. ಅತ್ತೆಯದರಿಂದ ನಷ್ಟವೇನೂ ಆಗಲಿಲ್ಲ.

ಈಗ ಲೆಕ್ಕ ಇಡುವುದು. ಗೋಡೆಗೆ ನೇತುಹಾಕುವ, ಚೌಕ ದೊಡ್ಡದಿರುವ ಕ್ಯಾಲೆಂಡರ್ ಸಾಕು. ನೋವು ಬಂದ ದಿನದ ಚೌಕದಲ್ಲಿ ಕೆಂಪಿನಲ್ಲಿ ಶುರುವಾದ ಹೊತ್ತು, ಅದರ ಕೆಳಗೆ ಎಷ್ಟು ನಿಮಿಷ. ಉದಾಹರಣೆಗೆ 1.40, 55. ಎರಡು ಸಲ ಬಂದರೆ ಎರಡು ಸಾಲು. ನೋವಿನ ಮಧ್ಯೆ ಬರೆಯಲು ಹೋಗಬೇಡಿ, ಬೆಳಿಗ್ಗೆ ಕಾಫಿ ಜೊತೆ ಬರೆಯಿರಿ. ಮಾತ್ರೆ ಶುರು ಮಾಡಿದ ದಿನ, ಡೋಸ್ ಏರಿಸಿದ ದಿನ, ನಿಲ್ಲಿಸಿದ ದಿನ ನೀಲಿಯಲ್ಲಿ ಬರೆಯಿರಿ. ಈ ನೀಲಿಯನ್ನು ಬಿಡಬೇಡಿ, ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಡಿಸೆಂಬರಿನಲ್ಲಿ ಹಾಳೆ ತಿರುವಿ ಮೂರು ಸಂಖ್ಯೆ ಬರೆದಿಡಿ. ಸರದಿ ಎಷ್ಟು ದಿನ ಇತ್ತು. ಒಟ್ಟು ಎಷ್ಟು ಸಲ ನೋವು ಬಂತು. ಹಿಂದಿನ ಸರದಿಯ ಕೊನೆಯ ನೋವಿನಿಂದ ಈ ಸರದಿಯ ಮೊದಲ ನೋವಿಗೆ ಎಷ್ಟು ತಿಂಗಳು. ವಯಸ್ಸಿನ ವಿಷಯದಲ್ಲಿ ನನ್ನ ಕಣ್ಣು ಇರೋದು ಮೂರನೆಯದರ ಮೇಲೆ.

ನನ್ನದು ಹೀಗಿದೆ. 2001ರವರೆಗೆ ಪ್ರತಿ ವರ್ಷ, ದೀಪಾವಳಿಯ ಆಸುಪಾಸಿನಲ್ಲಿ. 1997ರಲ್ಲಿ 52 ದಿನ, 118 ಸಲ. ಆಮೇಲೆ 2003, 2004, 2008, 2010, 2016, 2023. ಕೊನೆಯ ಸಲ 19 ದಿನ, 22 ನೋವು. ಕೇಳಲು ಚೆನ್ನಾಗಿದೆ ಅಲ್ವಾ? ಆದರೆ 2004 ಮತ್ತು 2010 ನೋಡಿ. 2008ಕ್ಕೆ ಮೊದಲು ನಾಲ್ಕು ವರ್ಷ ಬಿಡುವು ಸಿಕ್ಕಿತ್ತು. ಇನ್ನು ಮೇಲೆ ಹೀಗೇ ಅಂದುಕೊಂಡು ನೋವು ಬಂದಾಗ ಉಸಿರಾಡಲು ಬಾಡಿಗೆಗೆ ತಂದಿದ್ದ ಆಕ್ಸಿಜನ್ ಸಿಲಿಂಡರ್ ವಾಪಸ್ ಕೊಟ್ಟೆ. ಎರಡೇ ವರ್ಷಕ್ಕೆ ಮತ್ತೆ ಬಂತು, ಭಾನುವಾರ ರಾತ್ರಿ, ಮನೆಯಲ್ಲಿ ಆಕ್ಸಿಜನ್ ಇಲ್ಲ. ಹಾಗಾಗಿ ಒಂದು ಉದ್ದ ಬಿಡುವು ನೋಡಿ ಕುಣಿಯಬೇಡಿ. ಕನಿಷ್ಠ ಮೂರು ಬಿಡುವುಗಳನ್ನು ಸಾಲಾಗಿ ಇಟ್ಟು ನೋಡಿ.

ನೀಲಿ ಪೆನ್ನು ಇಲ್ಲಿ ಬೇಕಾಗುತ್ತದೆ. 2008ರಿಂದ ನಾನು ಸರದಿ ಬಂದಾಗ ನೋವು ಬರದಂತೆ ತಡೆಯುವ ವೆರಾಪಮಿಲ್ ಮಾತ್ರೆ ತಗೊಳ್ಳುತ್ತಿದ್ದೇನೆ. ನೋವಿನ ಸಂಖ್ಯೆ ಇಳಿದಿದ್ದು ವಯಸ್ಸಿನಿಂದಲೋ ಮಾತ್ರೆಯಿಂದಲೋ? ಸಂಖ್ಯೆ ನೋಡಿದರೆ ಗೊತ್ತಾಗೋದಿಲ್ಲ. ಬಿಡುವಿನ ವರ್ಷಗಳಲ್ಲಿ ನಾನು ಮಾತ್ರೆ ತಗೊಂಡಿಲ್ಲ, ಹಾಗಾಗಿ ಬಿಡುವಿನ ಉದ್ದವನ್ನು ಜಾಸ್ತಿ ನಂಬುತ್ತೇನೆ. ಇನ್ನೊಂದು ಮಾತು. ನೋವಿನ ಜೋರಿನಿಂದ ಅಳೆಯಬೇಡಿ. 2023ರ ನೋವು ಮೊದಲ ಸಲದ, 1989ರ ನೋವಿನಷ್ಟೇ ಜೋರಾಗಿತ್ತು. ನನಗೆ ವಯಸ್ಸಾಗಿದೆ, ಅದಕ್ಕಲ್ಲ.

ದೊಡ್ಡ ಲೆಕ್ಕವೂ ಒಂದಿದೆ. ಇಟಲಿಯ ವೈದ್ಯರು 189 ಜನರ ಹತ್ತು ವರ್ಷಕ್ಕೂ ಮೀರಿದ ಹಾದಿಯನ್ನು ನೋಡಿ 1991ರಲ್ಲಿ ಬರೆದರು. ಬಿಟ್ಟು ಬಿಟ್ಟು ಬರುತ್ತಿದ್ದವರಲ್ಲಿ ಸುಮಾರು 80% ಜನಕ್ಕೆ ಹಾಗೇ ಉಳಿಯಿತು. ಕೆಲವರಿಗೆ ಬಿಡುವೇ ಇಲ್ಲದ ಬಗೆಗೆ ತಿರುಗಿತು. ಬಿಡುವಿಲ್ಲದೆ ಶುರುವಾದವರಲ್ಲಿ ಸುಮಾರು ಮೂರನೇ ಒಂದು ಭಾಗಕ್ಕೆ ಬಿಟ್ಟು ಬಿಟ್ಟು ಬರುವ ಬಗೆಯಾಯಿತು. ಎರಡೂ ದಿಕ್ಕಿಗೆ ಬಾಗಿಲು ತೆರೆದಿದೆ ಅಂತ ಹುಡುಗನಿಗೆ ಹೇಳಿದೆ.

ಐವತ್ತು ದಾಟಿದವರು ಇದನ್ನು ಸ್ವಲ್ಪ ನಿಧಾನವಾಗಿ ಓದಿ. ತಲೆಯ ಒಂದು ಕಡೆ ಏನೇ ನೋವು ಬಂದರೂ "ಹಳೇ ಗೆಳೆಯ ಬಂದ" ಅಂತ ಸುಮ್ನೆ ಇರಬೇಡಿ. ಕಣತಲೆ ಮುಟ್ಟಿದರೆ ನೋವು, ತಲೆ ಬಾಚಿದರೆ ನೋವು, ರೊಟ್ಟಿ ಅಗಿಯುವಾಗ ದವಡೆ ಸೋತು ಬರುವುದು, ಕಣ್ಣು ಮಬ್ಬಾಗುವುದು ಇದ್ದರೆ ಅದು ರಕ್ತನಾಳದ ಉರಿಯೂತ ಇರಬಹುದು. ತಡ ಮಾಡಿದರೆ ದೃಷ್ಟಿಯೇ ಹೋಗಬಹುದು, ಅದೇ ದಿನ ಆಸ್ಪತ್ರೆಗೆ ಹೋಗಿ. ಕಣ್ಣು ಕೆಂಪಾಗಿ, ದೀಪದ ಸುತ್ತ ಬಣ್ಣದ ಬಳೆ ಕಂಡು, ವಾಂತಿ ಬಂದರೆ ಕಣ್ಣಿನೊಳಗಿನ ಒತ್ತಡ ಏರುವ ಗ್ಲಾಕೋಮಾ ಇರಬಹುದು, ಅದಕ್ಕೂ ಅದೇ ದಿನ. ಹೊತ್ತು ಬದಲಾಯಿತು, ಕಡೆ ಬದಲಾಯಿತು, ಗಂಟೆಗಟ್ಟಲೆ ಬಿಡಲೇ ಇಲ್ಲ ಅಂದರೂ ಕ್ಯಾಲೆಂಡರ್ ಹಿಡಿದು ಡಾಕ್ಟರ ಹತ್ತಿರ ಹೋಗಿ.

ಹಳೇ ಚೀಟಿಯ ಔಷಧಿಯನ್ನು ಹಾಗೇ ತಗೊಳ್ಳಬೇಡಿ. ನೋವು ಶುರುವಾದಾಗ ತಗೊಳ್ಳುವ ಸುಮಾಟ್ರಿಪ್ಟಾನ್ ಇಂಜೆಕ್ಷನ್ ನನಗೆ ಹತ್ತು ನಿಮಿಷದಲ್ಲಿ ಜೀವ ಕೊಡುತ್ತಿತ್ತು. 58ಕ್ಕೆ ಹೃದಯದ ರಕ್ತನಾಳದಲ್ಲಿ ತಡೆ ಕಂಡಿತು, ಅವತ್ತೇ ಅದು ಬಂದ್. ವೆರಾಪಮಿಲ್ ಡೋಸ್ ಏರಿಸುವ ಮುನ್ನ ಪ್ರತಿ ಸಲ ಇಸಿಜಿ ಬೇಕು. ಬಿಪಿಗೆ ಅಟೆನೊಲಾಲ್, ಮೆಟೊಪ್ರೊಲಾಲ್ ಥರದ್ದು ಯಾರಾದರೂ ಬರೆದರೆ ವೆರಾಪಮಿಲ್ ವಿಷಯ ಬಾಯಿಬಿಟ್ಟು ಹೇಳಿ. ಎರಡೂ ಸೇರಿದರೆ ನಾಡಿ ತೀರಾ ಇಳಿಯಬಹುದು. ಎದೆನೋವಿಗೆ ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟ್ ಸರದಿಯ ದಿನಗಳಲ್ಲಿ ನಮ್ಮ ನೋವನ್ನು ಎಬ್ಬಿಸಬಲ್ಲದು. ಎದೆ ಮುಖ್ಯ, ನಿಲ್ಲಿಸಬೇಡಿ, ಆದರೆ ಹೃದಯದ ಡಾಕ್ಟರಿಗೆ ಮೊದಲೇ ತಿಳಿಸಿ. ಶುಗರ್ ಬಂದ ಮೇಲೆ ಸ್ಟೀರಾಯ್ಡ್ ಮಾತ್ರೆಯೂ ಮೊದಲಿನ ಹಾಗಲ್ಲ. 2023ರಲ್ಲಿ ನನಗೆ ತಲೆಯ ಹಿಂಬದಿಯ ನರದ ಹತ್ತಿರ ಇಂಜೆಕ್ಷನ್ ಕೊಟ್ಟರು. ಅದರಲ್ಲೂ ಸ್ಟೀರಾಯ್ಡ್ ಇತ್ತು, ಎರಡು ದಿನ ಶುಗರ್ ಏರಿ ಇಳಿಯಿತು.

ಈ ವಯಸ್ಸಿಗೆ ನನಗೆ ಉಳಿದಿರುವ ಆಸರೆ ಆಕ್ಸಿಜನ್. ಡಾಕ್ಟರ ಚೀಟಿ ಬೇಕು, ಶ್ವಾಸಕೋಶ ಹಾಳಾಗಿರುವ ಹಳೇ ಬೀಡಿ, ಸಿಗರೇಟಿನವರು ಕೇಳದೆ ತಗೊಳ್ಳಲೇಬಾರದು. ನಿಮಿಷಕ್ಕೆ 12 ಲೀಟರ್, 15 ನಿಮಿಷ, ಚೀಲ ಇರುವ ನಾನ್-ರಿಬ್ರೀದರ್ ಮಾಸ್ಕ್. 2009ರ ಪರೀಕ್ಷೆಯಲ್ಲಿ ಹೀಗೆ ಕೊಟ್ಟಾಗ 78% ಸಲ ಕಾಲು ಗಂಟೆಯೊಳಗೆ ನೋವು ಹೋಯಿತು ಅಥವಾ ಸಾಕಷ್ಟು ತಗ್ಗಿತು, ಬರೀ ಗಾಳಿ ಕೊಟ್ಟಾಗ 20%. ಕೊರೊನಾ ಕಾಲದಲ್ಲಿ ತಂದಿಟ್ಟ 5 ಲೀಟರಿನ ಕಾನ್ಸಂಟ್ರೇಟರ್ ಇದಕ್ಕೆ ಸಾಲದು. ಬಿ ಟೈಪ್ ಸಿಲಿಂಡರ್ ಸುಮಾರು 1500 ಲೀಟರ್, ಅಂದರೆ ಎಂಟು ನೋವಿಗೆ ಬರುತ್ತದೆ. ಕುರ್ಚಿಯ ಅಂಚಿಗೆ ಕೂತು, ಮುಂದಕ್ಕೆ ಬಾಗಿ, ಮಾಸ್ಕನ್ನು ಕೈಯಲ್ಲೇ ಒತ್ತಿ ಹಿಡಿದುಕೊಳ್ಳಿ. ದೇವರ ಮನೆ ಪಕ್ಕ ಇಡಬೇಡಿ, ದೀಪ, ಊದುಬತ್ತಿ ಇರುತ್ತದೆ. ವಾಲ್ವ್ ಬಿಗಿಯಾದರೆ ಎಣ್ಣೆ ಬಿಡಲೇಬೇಡಿ, ಬೆಂಕಿ ಹತ್ತುತ್ತದೆ. ಪ್ರೆಸ್ಸಿನ ಮೆಷಿನ್ನಿಗೆ ಎಣ್ಣೆ ಬಿಟ್ಟು ಬಿಟ್ಟು ಪಳಗಿದ ಕೈ ನನ್ನದು, ಒಮ್ಮೆ ಎಣ್ಣೆ ಡಬ್ಬಿ ಎತ್ತಿಕೊಂಡೂ ಬಿಟ್ಟಿದ್ದೆ. ಸಿಲಿಂಡರ್ ತಂದುಕೊಟ್ಟ ಹುಡುಗನೇ ಕೈ ಹಿಡಿದ.

ಈ ಸಲದ ದೀಪಾವಳಿ ಕಳೆಯಿತು, ಕೆಂಪು ಪೆನ್ನು ಮುಟ್ಟಿಲ್ಲ. "ರೀ, ಎರಡು ವರ್ಷ ಆಯ್ತು, ಇದಕ್ಕೆ ಬಾಡಿಗೆ ಕಟ್ಟೋದು ಸಾಕು, ವಾಪಸ್ ಕೊಡ್ರೀ" ಅಂದಳು ಹೆಂಡತಿ. 2010 ನೆನಪಿಸಿದೆ. ಈಗ ಅವಳೇ ತಿಂಗಳ ಒಂದನೇ ತಾರೀಕು ಹಾಲಿನ ಲೆಕ್ಕ ಬರೆಯುವಾಗ ಸಿಲಿಂಡರಿನ ಮುಳ್ಳು ಎಲ್ಲಿದೆ ಅಂತಲೂ ಅದೇ ಚೌಕದಲ್ಲಿ ಬರೆಯುತ್ತಾಳೆ.